ನಾಲ್ಕು ಬೆರಳು ಸಾಲದ ಡಾಬು

ಚಳ್ಳಕೆರೆ
೧೬ ನವೆಂಬರ್ ೨೦೨೪

ಪ್ರೀತಿಯ ಮಗಳು ಪವಿತ್ರಾ,

ಹೇಗಿದ್ದೀಯಮ್ಮಾ? ಎಡಸೊಂಟದ ಮೇಲಿನ ಸುಟ್ಟ ಗಾಯ ಇನ್ನೂ ಎಳೆಯುತ್ತದೆಯೇ? ಲಂಗದ ಲಾಡಿ ಅಲ್ಲಿ ಒತ್ತುತ್ತದೋ ಏನೋ ಎಂದು ನಿಮ್ಮವ್ವ ದಿನಾ ನನ್ನನ್ನು ಕೇಳುತ್ತಾಳೆ, ನಾನೇನೋ ಬಲ್ಲವನ ಹಾಗೆ. ಬಳ್ಳಾರಿಯ ಹಾಸ್ಟೆಲಿನ ಊಟ ಒಗ್ಗಿತೇ? ನನ್ನ ಕರೆ ನಿನಗೆ ತಲುಪದಂತೆ ನೀನು ಮಾಡಿಕೊಂಡು ಎಂಟು ತಿಂಗಳಾಯಿತು, ಅದಕ್ಕೇ ಈ ಕಾಗದ. ವಿಳಾಸ ಕೊಟ್ಟದ್ದಕ್ಕೆ ನಿನ್ನ ಗೆಳತಿ ಮೆಹಜಬೀನಳನ್ನು ಬೈಯಬೇಡ. ಅವರಪ್ಪನ ಗ್ಯಾರೇಜಿನ ಮುಂದೆ ಮೂರು ದಿನ ಹೋಗಿ ನಿಂತೆ. ಕೊನೆಗೆ ಆ ಹುಡುಗಿಗೇ ನಾಚಿಕೆಯಾಗಿ ಚೀಟಿಯಲ್ಲಿ ಬರೆದುಕೊಟ್ಟಳು.

ದಾವಣಗೆರೆಯ ಆ ಕ್ಲಿನಿಕ್ಕಿನ ಮೇಲೆ ನಾಲ್ಕನೆಯ ದೂರು ಕಳಿಸಿದ್ದೇನೆ. ಬೋರ್ಡು ಹಾಗೇ ಇದೆ: ‘ಚಾಕು ಬೇಡ, ಹೊಲಿಗೆ ಬೇಡ, ಒಂದೇ ಗಂಟೆಯಲ್ಲಿ ಸೊಂಟ ಸಣ್ಣ.’ ಯಂತ್ರ ಹಿಡಿದವಳು ಡಾಕ್ಟರಲ್ಲ, ಎರಡು ವಾರ ತರಬೇತಿ ಪಡೆದ ಹುಡುಗಿ ಎಂದು ಆಮೇಲೆ ತಿಳಿಯಿತು. ಭೂತಗನ್ನಡಿಯಲ್ಲಿ ಬಿಸಿಲನ್ನು ಒಂದು ಚುಕ್ಕೆಗೆ ತಂದರೆ ಕಾಗದ ಸುಡುವುದನ್ನು ಮೂವತ್ತು ವರ್ಷ ಮಕ್ಕಳಿಗೆ ತೋರಿಸಿದ ವಿಜ್ಞಾನದ ಮೇಷ್ಟ್ರು ನಾನು. ಈ ಯಂತ್ರವೂ ಅದೇ. ಕಿವಿಗೆ ಕೇಳದ ಶಬ್ದವನ್ನು ಚರ್ಮದ ಕೆಳಗಿನ ಕೊಬ್ಬಿನಲ್ಲಿ ಒಂದೆಡೆ ಸೇರಿಸಿ, ಆ ಕಾವಿಗೆ ಕೊಬ್ಬನ್ನು ಸಾಯಿಸುವುದು. ಹಿಡಿದ ಕೈ ತಪ್ಪಿದರೆ ಚರ್ಮವೇ ಸುಡುತ್ತದೆ ಎಂದು ನನಗೆ ಹೊಳೆಯಬೇಕಿತ್ತು. ನಮ್ಮ ದನಕುರಿ ಮೇಯುವ ವರವು ಕಾವಲಿಗೆ ಸರ್ಕಾರದ ಬೇಲಿ ಬಿದ್ದಾಗ ಸರ್ಕಾರದ ಕಾಗದಗಳನ್ನು ಸಾಲು ಸಾಲು ಓದಿ ಅರ್ಜಿ ಹಾಕಿದವನು, ಮಗಳ ಒಪ್ಪಿಗೆ ಪತ್ರದ ಕೆಳಗೆ ‘ಜೊತೆಗಿರುವವರು’ ಎಂಬಲ್ಲಿ ಓದದೆ ರುಜು ಹಾಕಿದೆ. ಆಮೇಲೆ ಓದಿದೆ. ಸುಟ್ಟ ಗಾಯವಾಗಬಹುದು ಎಂದು ಆರನೆಯ ಸಾಲಿನಲ್ಲೇ ಇತ್ತು.

ನನಗೆ ಏನೂ ಮರೆಯುವುದಿಲ್ಲ, ಅದೇ ನನ್ನ ಕಾಯಿಲೆ. ಮೊಳಕಾಲ್ಮೂರಿನಲ್ಲಿ ಮಾರುತೇಶನ ಮನೆಯ ಪಡಸಾಲೆ, ತಟ್ಟೆಯಲ್ಲಿ ಆ ಮನೆಯ ಸೊಸೆಯರು ಧಾರೆಗೆ ಕಟ್ಟಿಕೊಳ್ಳುವ ಬೆಳ್ಳಿಯ ಡಾಬು. ನೀನೇ ಮೆಚ್ಚಿದ ಹುಡುಗ, ಪಶು ಆಸ್ಪತ್ರೆಯ ಕೆಲಸ, ನಮಗೆಲ್ಲ ಸಂತೋಷವೇ ಇತ್ತು. ಅವನ ಅಜ್ಜಿ ಕಾಟಮ್ಮ ಡಾಬನ್ನು ನಿನ್ನ ಸೊಂಟಕ್ಕೆ ಸುತ್ತಿದರು, ಕೊಂಡಿ ಕೂಡಲಿಲ್ಲ. “ನಮ್ಮತ್ತೆ ಪಾಲಮ್ಮ ಇದನ್ನ ಕಟ್ಕೊಂಡು ಈ ಹೊಸಿಲು ದಾಟಿದಾಗ ಹದಿಮೂರು ವರ್ಸ ಕಣಮ್ಮಾ. ನಾಕು ಬೆರಳು ಸಾಲ್ದು! ನಿಂದು ನಡ ಐತೋ, ಜೋಳದ ಗುಡಾಣ ಐತೋ?” ಎಂದರು. ನೀನು ಸುಮ್ಮನಿರುವವಳೇ? “ಅಜ್ಜೀ, ಹಂಗಾದ್ರೆ ಏಳನೇ ಕ್ಲಾಸಿಗೆ ಹೋಗಿ ಒಂದು ಹುಡುಗೀನ ನೋಡ್ಕಳ್ರಿ” ಎಂದೆ. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ನಾನೊಬ್ಬ ನಗಲಿಲ್ಲ, ನಿನ್ನ ಕಡೆ ಕಣ್ಣು ಬಿಟ್ಟೆ. ಮಾರುತೇಶ ತಲೆ ಎತ್ತಲಿಲ್ಲ. ಕೂಸೊಂದರ ಸೊಂಟಕ್ಕೆ ಮಾಡಿಸಿದ ಡಾಬು ಇಪ್ಪತ್ತಾರರ ಹೆಣ್ಣಿಗೆ ಕೂಡದಿದ್ದರೆ ತಪ್ಪು ಹೆಣ್ಣಿನದಂತೆ! ಬಾಲ್ಯವಿವಾಹದ ಬಗ್ಗೆ ಪತ್ರಿಕೆಗೆ ಎಷ್ಟು ಸಲ ಬರೆದಿದ್ದೇನೆ! ಆ ಪಡಸಾಲೆಯಲ್ಲಿ ಮಾತ್ರ ಬಾಯಿ ಬರಲಿಲ್ಲ. ಧಾರೆಯ ಹೊತ್ತಿಗೆ ಸರಿಯಾಗುತ್ತದೆ ಎಂದು ಹೇಳಿ ಬಂದೆ.

“ಬಾಯಿ ಬಿಡದೆ ಕೂತೋನ ಫೋನು ನಾನೆತ್ತಲ್ಲ” ಎಂದು ಮಾರುತೇಶನ ಬಗ್ಗೆ ನೀನು ವಾಪಸು ಬರುವ ಬಸ್ಸಿನಲ್ಲೇ ಹೇಳಿದೆ, ಹಾಗೇ ನಡೆದುಕೊಂಡೆ. ಆ ಬೋರ್ಡು ಹುಡುಕಿದವನು ನಾನು. ನೀನು ಒಲ್ಲೆ ಎಂದಾಗ, ಸಿದ್ದಾಪುರದ ಅಶೋಕನ ಶಾಸನದ ಬಂಡೆಯ ಮುಂದೆ ನಿನಗೆ ಹತ್ತು ವರ್ಷವಿದ್ದಾಗ ಓದಿ ಹೇಳಿದ್ದನ್ನೇ ಮತ್ತೆ ಹೇಳಿದೆ: ತಂದೆತಾಯಿಯ ಮಾತು ಕೇಳಬೇಕು. “ನಿನಗೆ ಸಮಾಧಾನ ಆಗೋದಾದ್ರೆ ನಡಿ” ಎಂದೆ ನೀನು. ಸತ್ಯ ನುಡಿಯಬೇಕು ಎಂದೂ ಅದೇ ಬಂಡೆಯ ಮೇಲಿದೆ. ಅದನ್ನು ನಾನು ಹೇಳಲಿಲ್ಲ.

ಪರದೆಯ ಈಚೆಗೆ ಕುರ್ಚಿಯಲ್ಲಿದ್ದೆ. “ಅಂಕಲ್, ಇರುವೆ ಕಚ್ಚಿದಂಗೆ ಅಷ್ಟೇ” ಎಂದಳು ಆ ಹುಡುಗಿ. ಸ್ವಲ್ಪ ಹೊತ್ತಿಗೆ ನಿನ್ನ ದನಿ: “ಅಪ್ಪಾ, ಸುಡ್ತೈತೆ. ಸಾಕು ಅನ್ನು.” ನನ್ನ ದನಿ: “ಇನ್ನು ಹತ್ತು ನಿಮಿಷ, ತಡ್ಕೋ ಮಗಳೇ.” ನೀನು ಎರಡನೆಯ ಸಲ ಕರೆಯಲಿಲ್ಲ. ಅಂದಿನಿಂದ ಕರೆದೇ ಇಲ್ಲ. ಮದುವೆ ಬೇಡವೆಂದು ಹೇಳಿ ಕಳಿಸಿ ಪೆಟ್ಟಿಗೆ ತುಂಬಿಕೊಂಡು ಹೋದೆ. ಹೋಗಬೇಕಾದ್ದೇ.

ನಿಮ್ಮವ್ವ ಶೇಂಗಾ ಚಟ್ನಿಪುಡಿ ಕುಟ್ಟಿದ್ದಾಳೆ, ಮೆಹಜಬೀನಳ ಕೈಲಿ ಬರುತ್ತದೆ. ಮೈ ಕಡೆ ನೋಡಿಕೋ. ನೀನಿದ್ದಲ್ಲಿ ನಿನಗೆ ನೆಮ್ಮದಿ ಸಿಗಲಿ, ನಾವು ಬೇಡುವುದು ಇಷ್ಟೇ.

ನಿನ್ನ ಅಪ್ಪ,
ದೊಡ್ಡಪಾಲಯ್ಯ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ದಾವಣಗೆರೆಗೆ ಹೋಗುವ ಹಿಂದಿನ ದಿನ ಮಾರುತೇಶ ನನಗೆ ಫೋನ್ ಮಾಡಿದ್ದ. “ಅಜ್ಜೀನ ಒಪ್ಪಿಸಿದೀನಿ ಸಾರ್. ಅಕ್ಕಸಾಲಿ ಡಾಬಿಗೆ ಎರಡು ಕೊಂಡಿ ಸೇರಿಸಿ ಕೊಡ್ತಾನೆ. ಅವಳು ನನ್ನ ಫೋನೆತ್ತುತ್ತಿಲ್ಲ. ಅವತ್ತು ಸುಮ್ಮನಿದ್ದದ್ದು ನನ್ನ ತಪ್ಪು, ಅವಳಿಗೆ ಹೇಳ್ರಿ. ಸೊಂಟ ಸಣ್ಣ ಮಾಡ್ಸೋಕೆ ಅಂತ ಎಲ್ಲಿಗೂ ಕರ್ಕೊಂಡು ಹೋಗ್ಬೇಡ್ರಿ” ಎಂದ. ಹೇಳುತ್ತೇನೆ ಎಂದೆ. ಹೇಳಲಿಲ್ಲ. ಇವಳ ಸೊಂಟಕ್ಕಾಗಿ ಮನೆಯ ಡಾಬು ಒಡೆಸಿದರು ಎಂಬ ಮಾತು ನನ್ನ ಮಗಳಿಗೆ ಬರಬಾರದು ಎಂಬ ಜಂಬ. ನೀನು ಹೋದ ಮೇಲೂ ಅವನು ಎರಡು ಸಲ ಬಂದು ಕೇಳಿದ, “ನಾನು ಹೇಳಿದ್ದು ಹೇಳಿದ್ರಾ ಸಾರ್?” ಹೂಂ ಎಂದೆ. ನಿಮ್ಮವ್ವನಿಗೂ ಇದು ಗೊತ್ತಿಲ್ಲ. ಹೋದ ಸೋಮವಾರ ಗೌರಸಮುದ್ರದಲ್ಲಿ ಅವನ ಮದುವೆಯಾಯಿತು. ಅದು ಮುಗಿದ ಮೇಲೆಯೇ ನನಗೆ ಇದನ್ನು ಬರೆಯಲು ಧೈರ್ಯ ಬಂದದ್ದು.