ಮೂರನೇ ಎಲೆ

ನಂತೂರು, ಮಂಗಳೂರು
೪-೮-೨೦೨೫

ಪ್ರೀತಿಯ ಅಕ್ಕಾ,

ಹುಷಾರಿದ್ದೀಯಾ? ಬೆನ್ನುನೋವು ಕಡಿಮೆ ಉಂಟಾ? ಅಲ್ಲ, ಇನ್ನೂ ಇಡೀ ದಿನ ಕಿವಿಗೆ ಹೆಡ್‌ಫೋನ್ ಹಾಕಿ ಸತ್ತುಹೋದ ಅಜ್ಜಿಯಂದಿರ ರೆಕಾರ್ಡಿಂಗ್ ಕೇಳ್ತಾ ಕೂತಿದ್ದೀಯಾ? ಫೋನ್ ಮಾಡಿದ್ರೆ ಜಗಳ ಆಗ್ತದೆ, ಅದಕ್ಕೇ ಕಾಗದ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ಸಹಿಸಿಕೋ.

ಅಮ್ಮ ತೀರಿಹೋಗಿ ಬೊಜ್ಜದ ಊಟ ಮುಗಿದ ಮರುದಿನವೇ ಎಸ್ಟೋನಿಯಾಕ್ಕೆ ವಿಮಾನ ಹತ್ತಿದವಳು ನೀನು. ಆ ಸಿಟ್ಟು ಹೋಗಿಲ್ಲ, ಹೋಗುದೂ ಇಲ್ಲ. ಟಯರ್ ಅಂಗಡಿಯಿಂದ ಮನೆಗೆ ಬಂದ್ರೆ ಮಾತಾಡ್ಲಿಕ್ಕೆ ಗೋಡೆ ಮಾತ್ರ. ಲಾರಿಗಳ ಹಾರ್ನ್ ಆದ್ರೂ ಕೇಳ್ಲಿ ಅಂತ ಕಿಟಕಿ ತೆರೆದಿಡ್ತೇನೆ.

ನಿನ್ನೆ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಬಡಿಸುದು ಇತ್ತು. ಮೋಹನದಾಸ ಮಾವ ಬಂದಿದ್ರು. ಕೋಳಿ ಸುಕ್ಕ, ನೀರುದೋಸೆ ನಾನೇ ಮಾಡಿದ್ದು. ಅಪ್ಪನಿಗೊಂದು ಎಲೆ, ಅಮ್ಮನಿಗೊಂದು. ಕೈ ನಿಲ್ಲಲಿಲ್ಲ ಮಾರಾಯ್ತಿ, ಅಮ್ಮನ ಪಕ್ಕ ನೀನು ಕೂರುವ ಜಾಗಕ್ಕೂ ಒಂದು ಎಲೆ ಹಾಕಿ ಬಡಿಸಿಬಿಟ್ಟೆ. ಮಾವನ ಮುಖ ಕಪ್ಪಾಯ್ತು. “ಬದುಕಿದ್ದವಳಿಗೆ ಎಲೆ ಹಾಕ್ತಾರಾ? ಬುದ್ಧಿ ಉಂಟಾ ನಿನಗೆ?” ಬದುಕಿದ್ದಾಳೆ ಅಂತ ಈ ಮನೆಗೆ ಹೇಗೆ ಗೊತ್ತಾಗ್ಬೇಕು ಅಂತ ನಾನೂ ಹೇಳಿಬಿಟ್ಟೆ. ಅವರು ಆ ಎಲೆ ಎತ್ತಿ ಹೊರಗಿಟ್ರು. ಸತ್ತವರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಇಬ್ಬರೂ ಜಗಲಿಯಲ್ಲಿ ನಿಂತೆವು.

ಮಳೆ ಬಿಟ್ಟಿತ್ತು. ಗಾಳಿಗೆ ಬಾಗಿಲು ಒಮ್ಮೆ ಅಲ್ಲಾಡಿತು. ಮಾವ ಕೈ ಮುಗಿದ್ರು. ಆಗ ನಿನ್ನ ರೆಕಾರ್ಡಿಂಗಿನ ಅಜ್ಜಿಯಂದಿರ ಇಂಗ್ರಿಯನ್ ಭಾಷೆಯ ಒಂದು ಶಬ್ದ ನೆನಪಾಯ್ತು, ‘ಇಲ್ಮ’. ನೀನು ಮೆಸೇಜಲ್ಲಿ ಬರೆದದ್ದನ್ನು ಹಲ್ಲು ಕಚ್ಚಿ ಓದಿದ್ದೆ. ನಾವು ಉಸಿರಾಡುವ ಗಾಳಿಗೂ ಮಳೆಬಿಸಿಲಿನ ಹವೆಗೂ ಅವರಿಗೆ ಅದೊಂದೇ ಹೆಸರಂತೆ. ಶಬ್ದದ ಬೇರು ಹುಡುಕಿದ್ರೆ ಅರ್ಥ ಆಕಾಶವಂತೆ. ದೂರದ ಸಂಬಂಧದ ಇನ್ನೊಂದು ಭಾಷೆಯಲ್ಲಿ ಅದೇ ಬೇರಿಂದ ದೇವರ ಹೆಸರೇ ಬಂದದ್ದಂತೆ. ಮಾವನಿಗೆ ಎಲ್ಲ ಹೇಳಿದೆ. ಆ ಭಾಷೆ ಮಾತಾಡುವವರು ಈಗ ತೀರಾ ಕಡಿಮೆ ಅಂತಲೂ ಹೇಳಿದೆ. ಅವರು, “ಹಾಗಾದ್ರೆ ಆ ಅಜ್ಜಿಯಂದಿರಿಗೆ ಬಡಿಸುದು ನಮ್ಮ ತೃಷಾ” ಅಂದ್ರು. ನನಗೆ ಇನ್ನೂ ಸಿಟ್ಟು ಬಂತು. ಮಾತು ಸರಿ ಇತ್ತಲ್ಲ, ಅದಕ್ಕೆ.

ಇನ್ನೊಂದು ವಿಷಯ. ಬದುಕಿದ್ದವಳಿಗೆ ಎಲೆ ಹಾಕಿದ ದೋಷ ಹೋಗ್ಬೇಕಾದ್ರೆ ನೀನೇ ಬಂದು ಅದೇ ಜಾಗದಲ್ಲಿ ಕೂತು ಉಣ್ಣಬೇಕಂತೆ. ಮಾವ ಹೇಳಿದ್ದು.

ಅವರ ಆಶೀರ್ವಾದ ನಿನಗೆ ಉಂಟು. ಹೊತ್ತಿಗೆ ಸರಿಯಾಗಿ ತಿನ್ನು.

ನಿನ್ನ ತಮ್ಮ,
ಪೃಥ್ವಿ

ತಾ.ಕ.: ಮಾವ ಹಾಗೆ ಹೇಳಲೇ ಇಲ್ಲ. ಎಲೆ ತೆಗೆದಾಯ್ತಲ್ಲ, ಇನ್ನೆಂತ ದೋಷ ಅಂದ್ರು. ಬಂದು ಉಣ್ಣಬೇಕು ಅಂತ ನಾನೇ ಸೇರಿಸಿದ್ದು. ಆದ್ರೂ ಬಾ.