ಮೈಕಿನಲ್ಲಿ ಬಾರದ ಹೆಸರು

॥ ಜಯ ಜಿನೇಂದ್ರ ॥

ನಿನ್ನ ತವರುಮನೆ, ಅಥಣಿ ತಾಲೂಕು
ತಾ. ೧೮-೮-೧೯೮೮

ಚಿ. ಸೌ. ಮಂಗಲಳಿಗೆ ನಿನ್ನ ಅವ್ವನ ಆಶೀರ್ವಾದಗಳು. ಅತ್ತೆ ಮಾವಂದಿರಿಗೆ ನನ್ನ ನಮಸ್ಕಾರ ಹೇಳು, ಅವರು ಬೇಡವೆನ್ನದಿದ್ದರೆ. ನಿನ್ನಪ್ಪ ಆರಾಮ, ಮಹಾವೀರ ಆರಾಮ, ಹೊಸ ಸೊಸೆ ಆರಾಮ, ಎಮ್ಮೆ ಕೂಡ ಆರಾಮ. ನಾನೊಬ್ಬಳು ಆರಾಮಿಲ್ಲ.

ನಿನಗೆ ಏಳು ತಿಂಗಳು ತುಂಬಿತು. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು, ಅದು ಯಾರಿಗೆ ಗೊತ್ತಿಲ್ಲ? ಹೋದ ವಾರ ಕುಬಸ ಮಾಡಿ ಬಾಣಂತನಕ್ಕೆ ನಿನ್ನನ್ನು ಕರೆತರಲೆಂದು ನಿನ್ನಪ್ಪ ಬೋರಗಾಂವಕ್ಕೆ ಬಂದಾಗ ನಿನ್ನ ಅತ್ತೆ, "ಮಂದ್ಯಾಗ ನಮ್ಮ ಹೆಸರ ಹೇಳಾಕ ನಾಚೂ ಮನಿಗೆ ನಮ್ಮ ಸೊಸಿನ್ನ ಯಾಕ ಕಳಸೂಣ್ರಿ?" ಅಂದರಂತೆ. ನಿನ್ನಪ್ಪ ಚಹಾ ಸಹ ಕುಡಿಯದೆ ತಿರುಗಿ ಬಂದರು. ಬಂದವರೇ ಮಾಳಸಿದ್ದ ಮಾಸ್ತರರನ್ನು ಮತ್ತೆ ಬಾಯಿಗೆ ಬಂದಂತೆ ಬೈದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡೆ. ನಿನ್ನ ಅತ್ತೆಯದು ತಪ್ಪಿಲ್ಲ ಮಂಗಲಾ. ಮಾಸ್ತರರದೂ ತಪ್ಪಿಲ್ಲ. ಎಲ್ಲಾ ನನ್ನದೇ.

ನಮ್ಮೂರಲ್ಲಿ ಹೈಸ್ಕೂಲು ಬಿಟ್ಟರೆ ಮಂದಿ ಕೂಡುವ ಜಾಗ ಬೇರೆ ಯಾವುದಿದೆ? ಕಣ್ಣಿನ ಕ್ಯಾಂಪು ಅಲ್ಲೇ, ವೋಟು ಹಾಕುವುದು ಅಲ್ಲೇ, ಮುನಿಮಹಾರಾಜರ ಪ್ರವಚನ ಅಲ್ಲೇ, ಸೂಟಿಯಲ್ಲಿ ಮದುವೆಗಳೂ ಅಲ್ಲೇ. ಎಲ್ಲದಕ್ಕೂ ಮೈಕು ಹಿಡಿಯುವವರು ನಿನಗೆ ಡ್ರಾಯಿಂಗು ಕಲಿಸಿದ ಮಾಳಸಿದ್ದ ಮಾಸ್ತರರು. ಮಹಾವೀರನ ಮದುವೆಯಲ್ಲೂ ಅವರೇ. ಅಕ್ಕಿಕಾಳು ಬಿದ್ದ ಮೇಲೆ ಬೀಗರು, ಬಳಗದವರು ಉಡುಗೊರೆ ತಂದ ಆಹೇರದ ಗಂಟುಗಳು, ಮೇಲೆ ಹೆಸರಿನ ಚೀಟಿ ಹಚ್ಚಿಕೊಂಡು, ಅವರ ಟೇಬಲ್ಲಿಗೆ ಹೋಗಬೇಕು. ಅವರು ಒಂದೊಂದನ್ನೇ ಎತ್ತಿ ತೋರಿಸಿ, ಇಂಥ ಊರಿನ ಇಂಥವರಿಂದ ಇಂಥದ್ದು ಎಂದು ಮೈಕಿನಲ್ಲಿ ಕೂಗಬೇಕು. ಕೂಗದ ಆಹೇರ ಕೊಟ್ಟರೂ ಕೊಟ್ಟಂತಲ್ಲ. ನಮ್ಮ ಕಡೆ ಅದೇ ರೂಢಿ.

ಒಂಬತ್ತನೇ ಇಯತ್ತೆಯ ಕೋಣೆಯಲ್ಲಿ ಕೂತು ಗಂಟುಗಳನ್ನು ಹೊರಗೆ ಕಳಿಸುತ್ತಿದ್ದವಳು ನಾನು. ನಿನ್ನ ಅತ್ತೆಯ ಗಂಟು ಬಿಚ್ಚಿ ನೋಡಿದೆ. ತಮ್ಮದೇ ಪಾವರಲೂಮಿನಲ್ಲಿ ನನಗೆಂದು ನೇಯಿಸಿದ ಹತ್ತಿಯ ಸೀರೆ, ಹಸಿರು ಒಡಲು, ಕೆಂಪು ದಡಿ. ಹೊರಗೆ ಮುಂದಿನ ಕುರ್ಚಿಗಳಲ್ಲಿ ಸಾಂಗ್ಲಿಯ ಹೊಸ ಬೀಗರು ಕೂತಿದ್ದರು. ಅವರ ಹೆಂಗಸರ ಮೈಮೇಲೆಲ್ಲ ರೇಷ್ಮೆ. ಮಗಳನ್ನು ಇಂಥ ಮನೆಗೆ ಕೊಟ್ಟಿದ್ದಾರಾ ಎಂದು ಅವರು ಮುಖ ಮುಖ ನೋಡಿಕೊಂಡಾರೆಂದು ನನಗೆ ಹೆದರಿಕೆ. ಆ ಗಂಟನ್ನು ಬೆಂಚಿನ ಕೆಳಗೆ ಸರಿಸಿ ಮೇಲೊಂದು ಜಮಖಾನೆ ಎಳೆದೆ. ನನ್ನ ಬುದ್ಧಿಗೆ ಬೆಂಕಿ ಬಿತ್ತು ಅನ್ನಬೇಕು!

ನಿನ್ನ ಅತ್ತೆ ಕೊನೆಯ ಹೆಸರಿನವರೆಗೂ ಸೆರಗು ಸರಿಮಾಡಿಕೊಳ್ಳುತ್ತ ಕಾದರು. ಆಮೇಲೆ ಎದ್ದರು. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡ ನೀನು ಅಣ್ಣನ ಮದುವೆಯ ಊಟ ಬಿಟ್ಟು ಅವರ ಹಿಂದೆ ನಡೆದೆ. ಗೇಟಿನ ಹತ್ತಿರ ಒಮ್ಮೆ ತಿರುಗಿ ನೋಡಿದೆಯಲ್ಲ, ನಾನು ಕಿಟಕಿಯಿಂದ ಕಂಡೆ. ಕಂಡೂ ಹೊರಗೆ ಬರಲಿಲ್ಲ. ನಾನೂ ಒಬ್ಬ ತಾಯಿಯೇ?

ನಿನ್ನಪ್ಪ ಹೈಸ್ಕೂಲಿನ ಚೇರಮನ್ನರು, ಸಿಟ್ಟು ನೆತ್ತಿಗೇರಿತು. ಎಲ್ಲರೆದುರು ಮಾಸ್ತರರ ಕೈಯಿಂದ ಮೈಕು ಕಿತ್ತುಕೊಂಡು, "ಕುಡದ ಬಂದೀ ಏನಲೇ? ನನ್ನ ಮಗಳ ಮನಿ ಹೆಸರ ನುಂಗಿದೆಲಾ!" ಅಂದರು. ಮಾಸ್ತರರು, "ನನ್ನ ಟೇಬಲ್ಲಿಗೆ ಬಂದ ಹೆಸರ ಒಂದೂ ಬಿಟ್ಟಿಲ್ರಿ ಸಾವಕಾರ" ಎಂದಷ್ಟೇ ಹೇಳಿದರು. ಯಾರೂ ನಂಬಲಿಲ್ಲ. ಅವತ್ತಿನಿಂದ ಅವರಿಗೆ ಮೈಕು ಮುಟ್ಟಗೊಡುವುದಿಲ್ಲ. ಪ್ರವಚನಕ್ಕೆ ಬಂದರೂ ಹಿಂದೆ ಚಪ್ಪಲಿ ಬಿಡುವಲ್ಲಿ ಕೂತು ಎದ್ದು ಹೋಗುತ್ತಾರೆ.

ಮೊನ್ನೆ ಆಗಸ್ಟ್ ಹದಿನೈದಕ್ಕೆ ಊರೆಲ್ಲ ಝೆಂಡಾ ಹತ್ತಿರ ನೆರೆದಿತ್ತು. ಇವತ್ತು ಹೇಳಿಯೇ ಬಿಡುವುದೆಂದು ಗಟ್ಟಿ ಮನಸ್ಸು ಮಾಡಿ ಹೋದೆ. ಎರಡು ಮಾತಾಡುತ್ತೇನೆ ಎಂದಾಗ ನಿನ್ನಪ್ಪ ಹುಬ್ಬು ಹಾರಿಸಿ ನಕ್ಕು ಮೈಕು ಕೊಟ್ಟರು. ಬಾಯಿ ತೆರೆದೆ. ಅಷ್ಟು ಕಣ್ಣು ನನ್ನ ಮೇಲೆ! "ಎಲ್ಲಾರೂ ಪೇಡೆ ತಗೊಂಡ ಹೋಗ್ರಿ" ಅಂದುಬಿಟ್ಟೆ. ಮಂದಿ ಚಪ್ಪಾಳೆ ಹೊಡೆದರು. ಮನೆಗೆ ಬಂದು ದೇವರ ಕೋಣೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಈ ಪತ್ರವನ್ನು ನಿನ್ನ ಅತ್ತೆಯ ಮುಂದೆ ಓದು. ಪಿಸುಮಾತಿನಲ್ಲಲ್ಲ, ಮಗ್ಗದ ಆಳುಗಳಿಗೂ ಕೇಳುವಂತೆ ಓದು. ನಿನ್ನಪ್ಪ ಮಿರಜಿನಿಂದ ಬಂದ ಕೂಡಲೇ ಅವರಿಗೂ ಹೇಳುತ್ತೇನೆ, ಹೊಡೆದರೆ ಹೊಡೆಯಲಿ. ಸೋಮವಾರ ಆ ಹಸಿರು ಸೀರೆ ಉಟ್ಟುಕೊಂಡು ನಾನೇ ಬೋರಗಾಂವಕ್ಕೆ ಬರುತ್ತೇನೆ. ನಿನ್ನ ಅತ್ತೆ ಬಾಗಿಲಲ್ಲೇ ನಿಲ್ಲಿಸಿ ಬೈಯಲಿ, ಒಳಗೆ ಕರೆಯದಿದ್ದರೆ ಕಟ್ಟೆಯ ಮೇಲೆ ಕೂಡುತ್ತೇನೆ. ನಿನ್ನ ಬಾಣಂತನ ಮಾಡುವ ಭಾಗ್ಯವನ್ನು ನನ್ನ ಕೈಯಾರೆ ಕಳೆದುಕೊಂಡೆನಲ್ಲ ಎಂದು ಹೊಟ್ಟೆ ಉರಿಯುತ್ತದೆ. ನೀನು ಮಾತ್ರ ಹೊತ್ತಿಗೆ ಸರಿಯಾಗಿ ಉಣ್ಣು. ಎರಡು ಜೀವದವಳು, ಸಿಟ್ಟನ್ನು ಊಟದ ಮೇಲೆ ತೀರಿಸಬೇಡ.

ಇಂತಿ,
ನಿನ್ನ ತಪ್ಪಿತಸ್ಥ ಅವ್ವ,
ಸೋನಾಬಾಯಿ

ತಾ.ಕ.: ನನಗೆ ಅಕ್ಷರ ಬಾರದೆಂದು ನಿನಗೆ ಗೊತ್ತು. ಈ ಪತ್ರ ಬರೆಯುತ್ತಿರುವವರು ಮಾಳಸಿದ್ದ ಮಾಸ್ತರರೇ. ಬೇರೆ ಯಾರಿಂದಲಾದರೂ ಬರೆಸಬಹುದಿತ್ತು. ಇವರಿಗೆ ನೇರವಾಗಿ ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ನಿನ್ನ ಹೆಸರು ಮುಂದಿಟ್ಟುಕೊಂಡು ಹೇಳಿದೆ. ಚೇರಮನ್ನರ ಮನೆಯಿಂದ ಕರೆ ಬಂತೆಂದು, ಮೈಕು ಮತ್ತೆ ಕೊಡುತ್ತಾರೆಂದುಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದಿದ್ದಾರೆ. ಬೆಂಚು, ಜಮಖಾನೆಯ ಮಾತು ಬಂದಾಗ ಅವರ ಪೆನ್ನು ನಿಂತಿತು. ಎದ್ದು ಹೋಗುತ್ತಾರೆಂದುಕೊಂಡೆ. ಕನ್ನಡಕ ತೆಗೆದು ಒರೆಸಿಕೊಂಡು, "ಮುಂದ ಹೇಳ್ರಿ, ಬಾಯಾರ" ಅಂದರು. ಇಷ್ಟೆಲ್ಲ ಹೇಳಿ ಮುಗಿಸಿದರೂ ಅವರ ಕಡೆ ತಿರುಗಿ, ನನ್ನದು ತಪ್ಪಾಯಿತು ಮಾಸ್ತರ ಎನ್ನಲು ನನಗೆ ನಾಲಿಗೆ ಏಳುತ್ತಿಲ್ಲ, ಮಂಗಲಾ. ಇದನ್ನೂ ಅವರೇ ಬರೆಯುತ್ತಿದ್ದಾರೆ.