ಬಾಗಿಲು ಸವರುವ ಅಂಗೈ

ಡ್ವೇನ್,

ನಾನು ಡ್ಯೂಟಿಗೆ ಹೊರಟೆ. ಬಣ್ಣ ಒಣಗಲಿ ಅಂತ ನೀನು ನನ್ನ ಓವನ್‌ನಲ್ಲಿಟ್ಟಿದ್ದ ಎಂಜಿನ್ ಮುಚ್ಚಳಾನ ಮೆಟ್ಟಿಲ ಮೇಲೆ ಇಟ್ಟಿದೀನಿ. ನಿನ್ನೆ ಚೆರ್ರಿ ಪೈ ಕೂಡ ಬಣ್ಣದ ವಾಸನೆ ಹೊಡೀತಿತ್ತು. ನೀನು ಅದನ್ನೇ ಹೊಗಳಿಕೊಂಡು ತಿಂದೆ.

ನಮ್ಮ ಮದುವೆ ಕಂಬಳಿ ನಿನ್ನ ಮಸ್ಟಾಂಗ್ ಕಾರಿನ ಮೇಲಿಂದ ತೆಗಿ. ಅವಳಿಗೇನು ಚಳಿಯಾಗಲ್ಲ. ಹೂಂ, ‘ಅವಳು’ ಅಂದೆ. ನೀನೇ ಹಾಗನ್ನೋದು.

ಬೆಳಿಗ್ಗೆ ಗ್ಯಾರೇಜಿಗೆ ಕಾಫಿ ತಂದಿದ್ದೆ. ತುಕ್ಕು ಉಜ್ಜಿ ತೆಗೆದ ಕಾರಿನ ಬಾಗಿಲನ್ನ ನೀನು ಕಣ್ಣು ಮುಚ್ಚಿಕೊಂಡು ಅಂಗೈಲಿ ಸವರ್ತಿದ್ದೆ. ಉಬ್ಬುತಗ್ಗು ಕಣ್ಣಿಗೆ ಕಾಣಲ್ಲ, ಕೈಗೇ ಗೊತ್ತಾಗೋದು ಅಂತೀಯಲ್ಲ. ಕಾಫಿ ವಾಪಸ್ ತಂದು ನಾನೇ ಕುಡಿದೆ.

ಸಂಜೆ ಬರ್ತೀನಿ. ಅಷ್ಟರೊಳಗೆ ಗ್ರೀಸ್ ಹೋಗೋ ಹಾಗೆ ಕೈ ತೊಳ್ಕೊಂಡಿರು, ಉಗುರಿನ ಸಂದೀನೂ ಬಿಡಬೇಡ. ನನ್ನ ಕೆನ್ನೇಲೂ ಹೊಸದಾಗಿ ಗೆರೆ ಬಿದ್ದಿವೆ. ಕಣ್ಣು ಮುಚ್ಚಿಕೊಂಡೇ ಹುಡುಕು.

ಲೊರೇನ್